ಅಮ್ಮ ಬಂದಿದ್ದಾಳೆ

ನಾನು ಚಿಕ್ಕವನಿದ್ದಾಗ ನಮ್ಮ ಪುಟ್ಟೇನಹಳ್ಳಿಯಲ್ಲಿ ‘ಅಮ್ಮ ಬಂದಿದ್ದಾಳೆ’ ಎಂಬ ಮಾತಿಗೆ ಎರಡು ಅರ್ಥವಿತ್ತು. ಒಂದು, ಹೆತ್ತ ಅಮ್ಮ ಮನೆಗೆ ಬಂದಿದ್ದಾಳೆ ಎಂದು. ಇನ್ನೊಂದು, ಮನೆಯಲ್ಲಿ ಯಾರಿಗೋ ಸಿಡುಬು ಬಂದಿದೆ ಎಂದು. ಸಿಡುಬು ಮೈತುಂಬ ಗುಳ್ಳೆ ಎಬ್ಬಿಸಿ ಕೊಲ್ಲುತ್ತಿದ್ದ ರೋಗ. ಅದರ ಹೆಸರೆತ್ತಲು ಹೆದರಿ ದೊಡ್ಡವರು ಹಾಗೆನ್ನುತ್ತಿದ್ದರು.

ಅದು ಬಾರದಂತೆ ತೋಳಿಗೆ ಚುಚ್ಚುವ ಲಸಿಕೆಗೆ ದಾಕು ಎಂದು ಹೆಸರು. ಯಾವ ಮಗುವನ್ನೂ ಬಿಡಬಾರದೆಂದು ಸರ್ಕಾರದ ಕಟ್ಟಪ್ಪಣೆಯಾಗಿತ್ತು. ಅಪ್ಪ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹಿಂದೊಮ್ಮೆ ಅಕ್ಕನನ್ನು ಬಲವಂತವಾಗಿ ಹಿಡಿದು ದಾಕು ಹಾಕಿದ್ದರು. ಅವಳ ತೋಳು ಬಾತು ಕೀವಾಗಿ, ಜ್ವರದಲ್ಲಿ ನರಳಿದ್ದಳು. “ನನ್ ಮಗನ್ ಮುಟ್ಟಕ್ಕೆ ಇವರ್ಯಾರು?” ಎಂದು ಅಪ್ಪ ಗುಡುಗುತ್ತಿದ್ದ.

ಒಂದು ಬೆಳಗ್ಗೆ ದಾಕು ಹಾಕುವ ಡಾಕ್ಟರಮ್ಮನ ಜೀಪು ಬಂದೇಬಿಟ್ಟಿತು. ಅಪ್ಪ ನನ್ನನ್ನೆತ್ತಿ, ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಗೆ ಇಳಿಸಿದ. ವಾಡೆ ಖಾಲಿಯಿತ್ತು, ಒಳಗೆಲ್ಲ ಕತ್ತಲು, ಮೂಗಿನ ತುಂಬ ರಾಗಿ ದೂಳು. ಸೀನು ತಡೆದುಕೊಂಡು ಕೂತೆ. ಹೊರಗೆ ಡಾಕ್ಟರಮ್ಮ ಅಕ್ಕನನ್ನು “ಮನೇಲಿ ಯಾರಿದಾರಮ್ಮ?” ಎಂದು ಕೇಳಿದ್ದು ಕೇಳಿಸಿತು. ಅಮ್ಮ ಆಗಷ್ಟೇ ಕೆರೆಯಲ್ಲಿ ಬಟ್ಟೆ ಒಗೆದು ಹಿತ್ತಲಿಗೆ ಬಂದಿದ್ದಳು.

“ಅಮ್ಮ ಬಂದವ್ಳೆ,” ಎಂದಳು ಅಕ್ಕ.

ಜೀಪಿನವರೆಲ್ಲ ದಡಬಡ ಓಡಿ ಬಂದರು. “ಎಲ್ಲಿ ಮಗು? ಈಗ್ಲೇ ಆಸ್ಪತ್ರೆಗೆ ಸಾಗಿಸ್ಬೇಕು!” ಸಿಡುಬಿನ ಮಕ್ಕಳನ್ನು ಊರಾಚೆಯ ಆಸ್ಪತ್ರೆಗೆ ಒಯ್ದರೆ ಹೆತ್ತವರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅದೇ ಹೊತ್ತಿಗೆ ಸೀನಿಬಿಟ್ಟೆ.

ಅಪ್ಪ ನನ್ನನ್ನು ಹೊರಗೆತ್ತಿದ. ಡಾಕ್ಟರಮ್ಮ ತಿರುಗಿಸಿ ಮುರುಗಿಸಿ ನೋಡಿದರು. ಮೈಮೇಲೆ ರಾಗಿ ದೂಳು ಬಿಟ್ಟರೆ ಒಂದು ಗುಳ್ಳೆಯೂ ಇರಲಿಲ್ಲ. ಅಷ್ಟರಲ್ಲಿ ಒದ್ದೆ ಬಟ್ಟೆ ಹೊತ್ತು ಹೆತ್ತಮ್ಮ ಒಳಬಂದಾಗ ಎಲ್ಲರೂ ಗೊಳ್ಳೆಂದು ನಕ್ಕರು.

ಅಪ್ಪ ನಗಲಿಲ್ಲ. “ಇವನ್ನೂ ಹಿಡ್ಕೊಂಡು ಹಾಕ್ತೀರಾ?”

“ಹಾಕದೆ ಹೋಗೋ ಹಾಗಿಲ್ಲ ಯಜಮಾನ್ರೇ, ಆರ್ಡರು. ಆದ್ರೆ ಯಾರೂ ಹಿಡ್ಕೊಳ್ಳಲ್ಲ, ನಿಮ್ ತೊಡೆ ಮೇಲೇ ಕೂರ್ಲಿ. ಏನ್ ಕೇಳ್ಬೇಕೋ ಕೇಳಿ, ಹೇಳ್ತೀನಿ.”

ಜ್ವರ ಯಾಕೆ ಬರುತ್ತದೆ, ಕೀವಾದರೆ ಯಾರು ನೋಡುತ್ತಾರೆ ಎಂದು ಅಪ್ಪ ಕೆದಕಿ ಕೆದಕಿ ಕೇಳಿದ. ಡಾಕ್ಟರಮ್ಮ ಜಗಲಿಯ ಮೇಲೆ ಕೂತು ಎಲ್ಲಕ್ಕೂ ಉತ್ತರ ಹೇಳಿದರು. ಕೊನೆಗೆ ಅಪ್ಪ, “ಮೊದ್ಲು ನಂಗಾಕಿ,” ಎಂದು ತೋಳು ಚಾಚಿದ. ಆಮೇಲೆ ನನ್ನ ಅಂಗಿಯ ತೋಳನ್ನು ತಾನೇ ಮಡಿಸಿದ. ನಾನು ಊರಿಗೇ ಕೇಳುವಂತೆ ಅತ್ತೆ.

ಮೊಮ್ಮಕ್ಕಳೇ, ಈಗ ಲಸಿಕೆ ಹಾಕಿಸುವಾಗ ನಿಮ್ಮಪ್ಪನೂ ನಿಮ್ಮನ್ನು ತೊಡೆಯ ಮೇಲೆ ಕೂರಿಸಿಕೊಂಡು ಡಾಕ್ಟರ ತಲೆ ತಿನ್ನುತ್ತಾನೆ. ನನಗೆ ಒಳಗೊಳಗೇ ನಗು. ನನ್ನ ತೋಳಿನ ದಾಕಿನ ಕಲೆ ನಿಮ್ಮ ತೋಳಲ್ಲಿಲ್ಲ, ಸಿಡುಬೇ ಭೂಮಿಯಿಂದ ತೊಲಗಿತಲ್ಲ! ಸಂಜೆ ಲಿಫ್ಟಿನ ಸದ್ದಾದರೆ ಸಾಕು, “ಅಮ್ಮ ಬಂದ್ಲು!” ಎಂದು ಕೂಗುತ್ತ ಬಾಗಿಲಿಗೆ ಓಡುತ್ತೀರಿ. ಆ ಮಾತಿಗೆ ಈಗ ಒಂದೇ ಅರ್ಥ.