ಹೊಸಕ್ಕಿಯ ದಿನ ಅಕ್ಕನ ಮೋರೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಸಿಟ್ಟಿನ ಮೋರೆಗೆ ಇದ್ದಷ್ಟು ಹೆಸರು ಹಟ್ಟಿಯ ದನಗಳಿಗೂ ಇರಲಿಲ್ಲ. ಆದರೆ ಮಕ್ಕಳೇ, ಆ ಹೆಸರುಗಳನ್ನು ಹಂಚುವುದರಲ್ಲಿ ಭಾರೀ ಮೋಸವಿತ್ತು. ಅಪ್ಪ ಹುಬ್ಬು ಗಂಟಿಕ್ಕಿದರೆ ಅದು ಗಾಂಭೀರ್ಯ. ದೊಡ್ಡಪ್ಪ ಕಣ್ಣು ಕೆಕ್ಕರಿಸಿದರೆ ಅದು ಶಿಸ್ತು. ಸಾರಿಗೆ ಉಪ್ಪು ಸಾಲದೆಂದು ಅವರು ಮೂಗು ಮುರಿದರೂ ರುಚಿ ಬಲ್ಲವರೆಂದು ಹೊಗಳುವವರಿದ್ದರು. ಅದೇ ಹುಬ್ಬು ಅಕ್ಕನ ಹಣೆಯಲ್ಲಿ ಗಂಟಾದರೆ ಸಾಕು, ಅವಳು ಮೋರೆ ಸಿಂಡರಿಸುವವಳು, ಮೂತಿ ತಿರುವುವವಳು, ದುರುಗುಟ್ಟುವವಳು. ಅಮ್ಮನ ಮೋರೆಗೆ ಮಾತ್ರ ಯಾವ ಹೆಸರೂ ಇರಲಿಲ್ಲ, ಏಕೆಂದರೆ ಅದನ್ನು ಯಾರೂ ನೋಡುತ್ತಿರಲಿಲ್ಲ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಮ್ಮದು ಸಿದ್ಧಕಟ್ಟೆಯ ಹತ್ತಿರ ಗದ್ದೆ ಬೇಸಾಯದ ಮನೆ. ಹೊಸ ಭತ್ತ ಬಂದಾಗ ಹೊಸಕ್ಕಿ ಊಟ ಮಾಡುತ್ತಿದ್ದೆವು. ತುಳುವಿನಲ್ಲಿ ಅದಕ್ಕೆ ಪುದ್ದರ್ ಎನ್ನುತ್ತೇವೆ. ತೆನೆಯನ್ನು ಮಾವಿನೆಲೆಯೊಂದಿಗೆ ಕಂಬಕ್ಕೆ ಕಟ್ಟಿ, ಹೊಸ ಅಕ್ಕಿಯ ಅನ್ನ ಮಾಡಿ ಎಲ್ಲರೂ ಉಣ್ಣುವ ದಿನ. ಆ ಊಟಕ್ಕೊಂದು ಕ್ರಮವಿತ್ತು. ಮೊದಲ ತುತ್ತು ಎತ್ತುವ ಮುಂಚೆ ಕಿರಿಯರು ಹಿರಿಯರ ಕಡೆ ತಿರುಗಿ 'ಹೊಸತು ಉಣ್ತೇನೆ' ಎಂದು ಅಪ್ಪಣೆ ಕೇಳಬೇಕು. ಹಿರಿಯರು 'ಉಣ್ಣು' ಎನ್ನಬೇಕು. ಆಮೇಲೆಯೇ ಕೈ ಎಲೆಗೆ ಹೋಗಬೇಕು.

ನಾನು ಹೇಳುವ ಆ ವರ್ಷ ಬೇಗ ಹಣ್ಣಾಗಿದ್ದದ್ದು ಬಾವಿಯ ಪಕ್ಕದ ಸಣ್ಣ ಗದ್ದೆಯೊಂದೇ. ಅದನ್ನು ಕೊಯ್ದವಳು ಅಕ್ಕ. ಬಡಿದು ಭತ್ತ ಉದುರಿಸಿದವಳು, ಬೇಯಿಸಿ, ಒಣಗಿಸಿ, ಕುಟ್ಟಿದವಳೂ ಅವಳೇ. ಒನಕೆ ಹಿಡಿದು ಅವಳ ಅಂಗೈಯಲ್ಲಿ ಗುಳ್ಳೆ ಎದ್ದಿತ್ತು. ತೌಡಿನ ಸಿಹಿ ವಾಸನೆ ಅವಳ ಜಡೆಗೂ ಹತ್ತಿತ್ತು. ಈ ಸಲದ ಅಕ್ಕಿ ತನ್ನದು, ಅದರ ಮೊದಲ ತುತ್ತು ಹೇಗಿರುತ್ತದೋ ನೋಡಬೇಕು ಎಂದು ನನ್ನ ಹತ್ತಿರ ಎಷ್ಟು ಸಲ ಹೇಳಿದಳೋ. ಅವಳ ಆಸೆ ಇದ್ದದ್ದು ಅಷ್ಟೇ.

ಅಪ್ಪ ಪೇಟೆಯಲ್ಲಿ ಸಿಕ್ಕಿದವರನ್ನೆಲ್ಲ ಊಟಕ್ಕೆ ಕರೆದುಬಿಟ್ಟಿದ್ದರು. ಚಾವಡಿಯಲ್ಲಿ ಗಂಡಸರ ಪಂಕ್ತಿ ಮೊದಲು ಕೂತಿತು. ಬಾಳೆಲೆಯ ಮೇಲೆ ಬಿಸಿ ಅನ್ನ ಬಿದ್ದಾಗ ಎದ್ದ ಪರಿಮಳ ಅಂಗಳದವರೆಗೂ ಬಂತು. ಹರಿವೆಯ ಪಲ್ಯ, ಸೌತೆಕಾಯಿಯ ಸಾಂಬಾರು, ಪಾಯಸ. ಅಕ್ಕ ಬಡಿಸುತ್ತ ಓಡಾಡಿದಳು. ದೊಡ್ಡಪ್ಪ ಅನ್ನ ಭಾರೀ ಲಾಯಕ್ಕಾಗಿದೆ ಎಂದು ಮತ್ತೆ ಮತ್ತೆ ಹಾಕಿಸಿಕೊಂಡರು. ಯಾರು ಕುಟ್ಟಿದ್ದೆಂದು ಅವರೂ ಕೇಳಲಿಲ್ಲ, ಬೇರೆ ಯಾರೂ ಕೇಳಲಿಲ್ಲ. ಆಮೇಲೆ ನೆಂಟರ ಹೆಂಗಸರು ಕೂತರು. ಮಕ್ಕಳೆಲ್ಲ ಉಂಡು ಆಡಲು ಹೋದರು. ನಾನು ಅಕ್ಕನ ಜೊತೆಯೇ ಉಣ್ಣುವುದೆಂದು ಹಟ ಹಿಡಿದು ಕಂಬಕ್ಕೆ ಒರಗಿ ಕೂತಿದ್ದೆ. ಹಸಿವಿನಿಂದ ಕಣ್ಣು ಕತ್ತಲಿಡುತ್ತಿತ್ತು.

ಕೊನೆಗೆ ಅಮ್ಮ, ಅಕ್ಕ, ನಾನು ಎಲೆ ಹಾಕಿದೆವು. ಅಮ್ಮ ಪಾತ್ರೆಗೆ ಸೌಟು ಹಾಕಿದರು, ತಳ ಕೆರೆದ ಸದ್ದು ಬಂತು. ಹೊಸ ಅನ್ನ ಒಂದು ಅಗುಳೂ ಉಳಿದಿರಲಿಲ್ಲ. ಅಮ್ಮ ಇನ್ನೊಂದು ಪಾತ್ರೆಯಿಂದ ಹಳೆ ಅಕ್ಕಿಯ ಅನ್ನ ತಂದು ಬಡಿಸಿದರು. ಅಕ್ಕನ ಹುಬ್ಬು ಗಂಟಾಯಿತು, ಮೂಗಿನ ಹೊಳ್ಳೆ ಅರಳಿತು, ತುಟಿ ಬಿಗಿಯಾಯಿತು.

ಅಪ್ಪ ಬಾಗಿಲಲ್ಲಿ ನಿಂತು ವೀಳ್ಯ ಜಗಿಯುತ್ತಿದ್ದರು. ಅವರಿಗೆ ಕಂಡದ್ದು ಆ ಮೋರೆ ಮಾತ್ರ.

"ಹಬ್ಬದ ದಿನ ಎಂಥ ಮೋರೆ ಅದು? ಸರಿ ಮಾಡು," ಎಂದರು. ಹಿಂದಿನಿಂದ ದೊಡ್ಡಪ್ಪ, ಹುಡುಗಿ ಹರಳೆಣ್ಣೆ ಕುಡಿದ ಹಾಗೆ ಕಾಣುತ್ತಾಳೆ ಎಂದು ನಕ್ಕರು.

ಅಕ್ಕ ಮೋರೆ ಸರಿ ಮಾಡಲಿಲ್ಲ. ಅದೇ ಮೋರೆಯಲ್ಲಿ ಅಪ್ಪನ ಕಡೆ ತಿರುಗಿ ಕೈ ಮುಗಿದಳು.

"ಅಪ್ಪ, ನಾನು ಹೊಸತು ಉಣ್ತೇನೆ."

ಕ್ರಮದ ಪ್ರಕಾರ ಅಪ್ಪ 'ಉಣ್ಣು' ಎನ್ನಬೇಕಿತ್ತು. ಬಾಯಿ ತೆರೆದರು. ಅಷ್ಟರಲ್ಲಿ ಅವರ ಕಣ್ಣು ಅಕ್ಕನ ಎಲೆಯ ಮೇಲೆ ಬಿತ್ತು. ಗದ್ದೆಯಲ್ಲೇ ಬೆಳೆದವರಿಗೆ ಹೊಸ ಅನ್ನ ಯಾವುದು, ಹಳೆಯದು ಯಾವುದು ಎಂದು ಹೇಳಿಕೊಡಬೇಕೆ? ಜಗಿಯುತ್ತಿದ್ದ ಬಾಯಿ ನಿಂತಿತು.

"ಹೊಸತು ಎಲ್ಲಿ ಉಂಟು?" ಎಂದು ಮೆಲ್ಲಗೆ ಕೇಳಿದರು.

"ಉಂಡಾಯ್ತಲ್ಲ, ನೀವೆಲ್ಲ ಸೇರಿ," ಎಂದಳು ಅಕ್ಕ.

ಅಪ್ಪ ಬೈಯಲಿಲ್ಲ, 'ಉಣ್ಣು' ಎನ್ನಲೂ ಇಲ್ಲ, ಅಂಗಳಕ್ಕೆ ಇಳಿದು ಹೋದರು. ಅಪ್ಪಣೆ ಸಿಗದೆ ಅಕ್ಕ ಕೈಕಟ್ಟಿ ಕೂತೇ ಇದ್ದಳು. ಆಗ ನಾನು ಅಮ್ಮನನ್ನು ನೋಡಿದೆ. ಅಮ್ಮನ ಹುಬ್ಬೂ ಗಂಟಾಗಿತ್ತು, ಅಕ್ಕನದರ ಹಾಗೆಯೇ. "ಉಣ್ಣು ಮಗಾ," ಎಂದರು ಅಮ್ಮ, ಅಂಗಳಕ್ಕೂ ಕೇಳುವಷ್ಟು ಗಟ್ಟಿಯಾಗಿ. ಅಕ್ಕ ಉಂಡಳು.

ಮುಂದಿನ ವರ್ಷದ ಹೊಸಕ್ಕಿಗೆ ಅಪ್ಪ ಮೊದಲ ಪಂಕ್ತಿಯಲ್ಲಿ ಕೂರಲಿಲ್ಲ. ನಮ್ಮ ಜೊತೆ ಕೂತು, ಅಕ್ಕನ ಎಲೆಗೆ ಅನ್ನ ಬಿದ್ದ ಮೇಲೆ ತಾವು ಹಾಕಿಸಿಕೊಂಡರು. ತಪ್ಪಾಯಿತು ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಅಕ್ಕನನ್ನು ದುರುಗುಟ್ಟುವವಳು ಎನ್ನುವುದನ್ನು ನೆಂಟರೂ ಬಿಡಲಿಲ್ಲ.

ಈಗ ಬಂಟ್ವಾಳದಲ್ಲಿ ನಮ್ಮ ಮನೆಯಲ್ಲಿ ಮೇಜು ಉಂಟು, ಎಲ್ಲರೂ ಒಟ್ಟಿಗೆ ಕೂರುತ್ತೇವೆ. ನನ್ನ ಮೊಮ್ಮಗಳಿಗೆ ಸಿಟ್ಟು ಬಂದರೆ ಮೊಬೈಲಿನಲ್ಲಿ ಚೆಂಡಿನ ಹಾಗೆ ಉರುಟಾದ ಒಂದು ಕೆಂಪು ಮುಖ ಒತ್ತಿ ಗೆಳತಿಯರಿಗೆ ಕಳಿಸುತ್ತಾಳೆ. ಸಿಂಡರಿಸುವುದಕ್ಕೂ ದುರುಗುಟ್ಟುವುದಕ್ಕೂ ಅವಳಲ್ಲಿ ಅದೊಂದೇ ಮುಖ. ಕಾಲ ಬದಲಾಯಿತಲ್ಲ ಎಂದು ನಾನೂ ಸಮಾಧಾನ ಪಟ್ಟುಕೊಂಡಿದ್ದೆ.

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಮುಖ ಊದಿಸಿಕೊಂಡಿದ್ದಳು. ನನ್ನ ಮಗ ತಲೆಯೆತ್ತಿ, "ಎಂಥ ಮೋರೆ ಅದು? ಸರಿ ಮಾಡು," ಎಂದ. ಎಲ್ಲಿಂದ ಕಲಿತನೋ, ಅದೇ ಮಾತು. ನಾನು ಎದ್ದು ಹೋಗಿ ಅವಳ ತಟ್ಟೆ ನೋಡಿದೆ. ಹುರಿದ ಬಂಗುಡೆ ಮೀನಿನ ಬಾಲದ ತುಂಡು ಇತ್ತು. ಅವಳ ತಮ್ಮನ ತಟ್ಟೆಯಲ್ಲಿ ನಡುವಿನ ದಪ್ಪ ತುಂಡು.