ಡಿಸ್ಕಿನ ಆಯಸ್ಸು ಉಳಿಸಿದ್ದು

ನಮ್ಮ ಯಜಮಾನರಿಗೆ ಸೀಕಾಕಸ್ ಎಂಬ ಊರಿನಲ್ಲಿ ಕೆಲಸ. ಗೋದಾಮಿನಂಥ ಕಟ್ಟಡದ ತುಂಬ ಕಂಪ್ಯೂಟರುಗಳು. ಅವುಗಳಲ್ಲಿ ಮಾಹಿತಿ ಬರೆದಿಡುವ ಎಸ್‌ಎಸ್‌ಡಿ ಡಿಸ್ಕುಗಳು ಎಷ್ಟು ಸವೆದಿವೆ, ಇನ್ನೆಷ್ಟು ದಿನ ಬಾಳುತ್ತವೆ ಎಂದು ನೋಡುತ್ತಿರುವುದೇ ಇವರ ಉದ್ಯೋಗ. ಬರೆದಷ್ಟೂ ಸವೆಯುತ್ತವಂತೆ. ಮನೆಗೆ ಬಂದರೂ ಆ ಚಟ ಬಿಡಲಿಲ್ಲ.

ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಧಾರವಾಡದಿಂದ ಅವ್ವ ವಿಮಾನ ಹತ್ತಿ ಎಡಿಸನ್ನಿನ ನಮ್ಮ ಮನೆಗೆ ಬಂದಳು. ಕೂಸಿನ ತೊಟ್ಟಿಲ ಮೇಲೆ ಇವರು ಕ್ಯಾಮೆರಾ ಹಾಕಿದರು. ಅದು ಕಂಡದ್ದು, ಕೇಳಿದ್ದು ಎಲ್ಲ ಒಂದು ಪುಟ್ಟ ಡಬ್ಬಿಯೊಳಗಿನ ಡಿಸ್ಕಿಗೆ ಹೋಗುತ್ತಿತ್ತು. ದಿನಾ ಸಂಜೆ ಶೂ ಬಿಚ್ಚುವ ಮೊದಲೇ ಡಿಸ್ಕಿನ ಆಯಸ್ಸು ಎಷ್ಟು ಪರ್ಸೆಂಟ್ ಉಳಿದಿದೆ ಎಂದು ನೋಡುವುದು. "ಡಬ್ಬಿಗೂ ಕುಂಡಲಿ ನೋಡತಾನಲ್ಲ ನಿನ್ನ ಗಂಡ!" ಎಂದು ಅವ್ವ ನಗುತ್ತಿದ್ದಳು.

ಮಧ್ಯಾಹ್ನ ಕೂಸನ್ನು ಮಲಗಿಸಲು ಅವ್ವ ಒಂದು ಜೋಗುಳ ಹಾಡುತ್ತಿದ್ದಳು. ಯಾರಿಂದಲೂ ಕಲಿತದ್ದಲ್ಲ, ಇಲ್ಲೇ ಕಟ್ಟಿದ್ದು. "ಸೀಕಾಕಸ್ಸಿಗೆ ಹೋಗ್ಯಾನ ನಿಮ್ಮಪ್ಪ" ಎಂದು ಶುರು. ಆಮೇಲೆ ರೈಲು, ಹಿಮ, ಪಕ್ಕದ ಮನೆಯ ಗುಜರಾತಿ ಆಂಟಿ, ನನ್ನ ಸಿಟ್ಟು, ಎಲ್ಲ ಅದರೊಳಗೆ ಬರುತ್ತಿತ್ತು. ನಾನು ಅಡುಗೆಮನೆಯಲ್ಲೇ ನಿಂತು ನಗುತ್ತಿದ್ದೆ. ಬಂದು ಕಲಿತುಕೋ ಎಂದು ಕರೆದರೆ, ಎಲ್ಲ ರೆಕಾರ್ಡ್ ಆಗುತ್ತಿದೆ, ಸುಮ್ಮನೆ ಹಾಡು ಎನ್ನುತ್ತಿದ್ದೆ.

ಅವ್ವ ಊರಿಗೆ ಹೋದಳು. ಹೋದ ವರ್ಷ, ಜ್ವರ ಅಂತ ಮಲಗಿದವಳು ಏಳಲೇ ಇಲ್ಲ. ಈ ಚಳಿಗಾಲ ಮಗ ಹುಟ್ಟಿದ. ಬಾಣಂತನಕ್ಕೆ ಯಾರೂ ಇಲ್ಲ. ಅವನಿಗೆ ಆ ಹಾಡಾದರೂ ಸಿಗಲಿ ಎಂದು ಡಬ್ಬಿಯಲ್ಲಿದ್ದ ಹಳೆಯ ವಿಡಿಯೋಗಳನ್ನು ತೆಗೆಸಿದೆ.

ಮೊದಲನೆಯದರಲ್ಲಿ ಕೂಸು ಅಳುತ್ತದೆ, ಅವ್ವನ ಬಳೆಗೈ ಬಂದು ಎತ್ತಿಕೊಳ್ಳುತ್ತದೆ, ತೊಟ್ಟಿಲು ಖಾಲಿ. ಮೂಲೆಯ ಕುರ್ಚಿಯಿಂದ ದನಿ ಮಾತ್ರ: "ಸೀಕಾಕಸ್ಸಿಗೆ ಹೋಗ್ಯಾನ ನಿಮ್ಮಪ್ಪ..." ಅಷ್ಟಕ್ಕೇ ಕಟ್. ಇನ್ನೊಂದು ಹಾಕಿದೆವು. ಅಲ್ಲಿಗೇ ಕಟ್. ಮತ್ತೊಂದು, ಅದೂ ಹಾಗೇ.

ಇವರ ಮುಖ ಸಪ್ಪಗಾಯಿತು. ಹಗಲೂ ರಾತ್ರಿ ಬರೆದರೆ ಡಿಸ್ಕು ಬೇಗ ಸವೆದೀತೆಂದು, ಏನಾದರೂ ಅಲುಗಾಡಿದಾಗ ಮಾತ್ರ ರೆಕಾರ್ಡ್ ಆಗುವಂತೆ ಆಗಲೇ ಬದಲಿಸಿದ್ದರಂತೆ. ಕ್ಯಾಮೆರಾಕ್ಕೆ ಕಾಣುತ್ತಿದ್ದದ್ದು ಖಾಲಿ ತೊಟ್ಟಿಲು. ಖಾಲಿ ತೊಟ್ಟಿಲು ಅಲುಗಾಡುತ್ತದೆಯೇ?

ಡಿಸ್ಕಿನ ಆಯಸ್ಸು ಈಗ ಎಷ್ಟಿದೆ ಎಂದು ಕೇಳಿದೆ. ಕುಟುಕಬೇಕೆಂದೇ ಕೇಳಿದ್ದು.

"ತೊಂಬತ್ತೊಂದು ಪರ್ಸೆಂಟ್," ಎಂದರು, ನನ್ನ ಮುಖ ನೋಡದೆ.

ಚೆನ್ನಾಗಿ ಬೈದೆ. ಬೈದು ಮುಗಿದ ಮೇಲೆ ಎದ್ದು ಹೋಗಿ, ಆಗ ನಿಂತು ನಗುತ್ತಿದ್ದ ಜಾಗದಲ್ಲೇ ನಿಂತೆ. ಅಡುಗೆಮನೆಯಿಂದ ಆ ಕುರ್ಚಿಗೆ ನಾಲ್ಕು ಹೆಜ್ಜೆಯೂ ಇರಲಿಲ್ಲ. ಸಾಲುಗಳನ್ನು ನೆನಪಿಸಿಕೊಳ್ಳಲು ಎಷ್ಟೋ ಹೆಣಗಿದೆ. ನಕ್ಕದ್ದು ನೆನಪಿದೆ, ಯಾವುದಕ್ಕೆ ನಕ್ಕೆ ಎನ್ನುವುದು ನೆನಪಿಲ್ಲ.

ಮಗಳು ಮಾತ್ರ ಆ ವಿಡಿಯೋಗಳನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು. ಮೊನ್ನೆ ಮಧ್ಯಾಹ್ನ ತಮ್ಮ ಅಳುತ್ತಿದ್ದಾಗ ತೊಟ್ಟಿಲ ಪಕ್ಕ ನಿಂತು, ಥೇಟ್ ಅವ್ವನ ರಾಗದಲ್ಲೇ, "ಸೀಕಾಕಸ್ಸಿಗೆ ಹೋಗ್ಯಾನ ನಿಮ್ಮಪ್ಪ" ಎಂದಳು. ನಿಲ್ಲಿಸಿದಳು. ಮತ್ತೆ ಮೊದಲಿಂದ ಅದನ್ನೇ ಹಾಡಿದಳು. ಮುಂದಿನದೇನಾದರೂ ಇವಳಿಗೆ ನೆನಪಿರಬಹುದೇ ಎಂಬ ಆಸೆಯಿಂದ, ಆಮೇಲೆ ಏನು ಪುಟ್ಟಿ ಎಂದು ಕೇಳಿದೆ.

ಅವಳು ನನ್ನನ್ನೇ ವಿಚಿತ್ರವಾಗಿ ನೋಡಿ ಅಂದಳು: "ದಟ್ಸ್ ದ ಹೋಲ್ ಸಾಂಗ್, ಅಮ್ಮ."