ಬಂಪರ್‌ಗೆ ತಾಗದ ಪೆಟ್ಟು

ಸಿಮೆಂಟಣ್ಣ ರಸ್ತೆಯಲ್ಲಿ ಮೊಣಕಾಲೂರಿ, ಬಿದ್ದಿದ್ದ ಹೆಂಗಸಿನ ತಲೆಯನ್ನು ಎತ್ತಿ ಹಿಡಿದಿದ್ದಾಗ ಮೊದಲ ಒದೆ ಅವನ ಬೆನ್ನಿಗೆ ಬಿತ್ತು. ಎರಡನೆಯದು ಪಕ್ಕೆಗೆ. ತಿರುಗಿ "ನಾನಲ್ಲ, ಮುಂದೆ ಹೋಯ್ತಲ್ಲ ಆ ಗಾಡಿ" ಅನ್ನುವಷ್ಟರಲ್ಲಿ ಯಾರೋ ಹೆಲ್ಮೆಟ್ಟಿನಿಂದ ಬಾಯಿಗೆ ಬಾರಿಸಿದರು. ಎರಡು ಹಲ್ಲು ಅಲ್ಲೇ ಉದುರಿದವು. ಸಿಮೆಂಟ್ ಮೂಟೆ ಸಾಗಿಸುವ ಅವನ ಬಿಳಿ ಪಿಕಪ್ ಹಿಂದೆಯೇ ನಿಂತಿತ್ತು. ಬಿದ್ದವಳಿಗೂ ಅದರ ಚಕ್ರಕ್ಕೂ ನಡುವೆ ಎರಡು ಮಾರು ದೂರ. ಜನರಿಗೆ ಅಷ್ಟು ಲೆಕ್ಕ ಸಾಕಾಗಿತ್ತು. ಗಾಜು ಒಡೆದರು, ಬಾಗಿಲು ಕಿತ್ತರು, ಅವನ ಬಲಗಣ್ಣು ಮುಚ್ಚಿಹೋಗುವ ತನಕ ಹೊಡೆದು ಪೊಲೀಸರ ಕೈಗೆ ಕೊಟ್ಟರು.

ಬಿದ್ದವಳು ಆ ಬೀದಿಯನ್ನು ಇಪ್ಪತ್ತು ವರ್ಷದಿಂದ ಗುಡಿಸುತ್ತಿದ್ದ, ಎಲ್ಲರೂ ದೊಡ್ಡಮ್ಮ ಅನ್ನುವ ಹೆಂಗಸು. ಬ್ರೆಡ್ ಅಂಗಡಿಯ ಮುಂದೆ ನಿಂತಿದ್ದ ಇನ್ನೊಂದು ಬಿಳಿ ಪಿಕಪ್ಪಿನ ಎದುರು ಬಗ್ಗಿ ಕಸ ಬುಟ್ಟಿಗೆ ತುಂಬುತ್ತಿದ್ದಳು. ಸೊಂಟ ನೆಟ್ಟಗೆ ಮಾಡಿಕೊಂಡು ಏಳುವ ಹೊತ್ತಿಗೆ ಗಾಡಿ ಹೊರಟಿತು. ಅವಳನ್ನು ಕೆಡವಿ, ಬುಟ್ಟಿಯನ್ನು ಅಪ್ಪಚ್ಚಿ ಮಾಡಿ, ಒಂದು ಕ್ಷಣ ತಡೆದು, ಆಮೇಲೆ ಓಡಿಹೋಯಿತು. ಇದನ್ನು ನೋಡಿದವನು ಸಿಮೆಂಟಣ್ಣ ಒಬ್ಬನೇ. ಅವನ ಮಾತು ಕೇಳುವವರು ಅಲ್ಲಿರಲಿಲ್ಲ.

ಮೂರು ಬೀದಿಯಾಚೆ ಟಿಂಕರಿಂಗ್ ಶೆಡ್ಡಿಗೆ ಈ ಸುದ್ದಿ ತಂದವನು ಪಕ್ಕದ ಗಾಜಿನಂಗಡಿಯವನು.

"ಸಿಮೆಂಟಣ್ಣನೇ ಗುದ್ದಿದ್ದಂತೆ ಅಕ್ಕ. ದೊಡ್ಡಮ್ಮನ ಸೊಂಟ ಮುರ್ದಿದೆ, ಇನ್ನೂ ಎಚ್ಚರ ಬಂದಿಲ್ವಂತೆ. ಉಳಿಯೋದು ಕಷ್ಟ ಅಂತಿದಾರೆ."

"ಅವನಾ? ಬಾಳೆಹಣ್ಣಿನ ಸಿಪ್ಪೆ ಕಂಡ್ರೂ ಬ್ರೇಕ್ ಹಾಕೋನು. ಸುಳ್ಳು."

"ಸುಳ್ಳೋ ನಿಜಾನೋ, ದೊಡ್ಡಮ್ಮ ಹೋದ್ರೆ ಅವನ ಕತೇನೂ ಮುಗೀತು. ಸಾಕ್ಷಿ ಹೇಳೋಕೆ ಬೀದಿಗ್ ಬೀದೀನೇ ನಿಂತಿದೆ."

ಇದನ್ನು ಕೇಳಿ ಕೆಲಸಕ್ಕೆ ತಿರುಗಿದವಳನ್ನು ಎಲ್ಲರೂ ಸುತ್ತಿಗೆ ಅಕ್ಕ ಅನ್ನುತ್ತಾರೆ. ವಯಸ್ಸು ನಲವತ್ತಾರು. ಅಪ್ಪ ತೀರಿಕೊಂಡ ಮೇಲೆ ಶೆಡ್ಡನ್ನು ತಮ್ಮ ಬೇಡವೆಂದ, ಇವಳು ಬೇಕೆಂದಳು. ನೆಗ್ಗಿದ ತಗಡನ್ನು ಬಡಿದು ಸರಿಮಾಡುವುದು ಕೆಲಸ. ಬರುವ ಪ್ರತಿಯೊಂದು ಗಾಡಿಗೂ ಒಂದು ನೋಟುಪುಸ್ತಕದಲ್ಲಿ ಒಂದು ಸಾಲು: ಪೆಟ್ಟು ಎಲ್ಲಿ, ನೆಲದಿಂದ ಎಷ್ಟು ಎತ್ತರ, ಮಾಲೀಕ ಏನೆಂದ. ಪಿಕಪ್ ಆದರೆ ಹಿಂದಿನ ತೊಟ್ಟಿಯನ್ನೂ ಬಗ್ಗಿ ನೋಡುತ್ತಾಳೆ. ಭಾರ ಹೊತ್ತ ತೊಟ್ಟಿಯಲ್ಲಿ ಗೀರು ಇರಲೇಬೇಕು. ಎರಡು ವರ್ಷದಲ್ಲಿ ಬಂದ ಐವತ್ತಮೂರು ಪಿಕಪ್ಪುಗಳಲ್ಲಿ ಗೀರು ಇದ್ದದ್ದು ಹನ್ನೆರಡರಲ್ಲಿ. ಉಳಿದ ನಲವತ್ತೊಂದು ತೊಟ್ಟಿಗಳಲ್ಲಿ ಅನ್ನ ಹಾಕಿಕೊಂಡು ಉಣ್ಣಬಹುದಿತ್ತು. ಆ ನಲವತ್ತೊಂದರಲ್ಲಿ ಇಪ್ಪತ್ತೊಂಬತ್ತು ಬಂದದ್ದು ಮುಂಭಾಗದ ಪೆಟ್ಟಿಗೆ: ಗೇಟು, ಸೈಕಲ್ಲು, ಸ್ವಂತ ಮನೆಯ ನಲ್ಲಿ. ಮಾಲೀಕರ ಮಾತು ಮಾತ್ರ ಒಂದೇ, "ಕಾಣ್ಲಿಲ್ಲ".

ತಮ್ಮನ ಬಿಳಿ ಪಿಕಪ್ ನಲವತ್ತೊಂದರ ಗುಂಪಿನದು. ಅವನು ತೆರಿಗೆ ಕಚೇರಿಯಲ್ಲಿ ಗುಮಾಸ್ತ. ಕಚೇರಿ ಮನೆಯಿಂದ ನಾಲ್ಕು ಕಿಲೋಮೀಟರ್. ಗಾಡಿ ತಂದ ದಿನ ಅಕ್ಕ ತೊಟ್ಟಿಯಲ್ಲಿ ಇಣುಕಿ, "ಇದ್ರಲ್ಲಿ ಏನ್ ಹೊರ್ತೀಯೋ?" ಎಂದು ಕೇಳಿದ್ದಳು.

"ಬೇಕಾದಾಗ ಬೇಕಾಗತ್ತೆ ಕಣೇ."

"ನಿನ್ನ ಊಟದ ಡಬ್ಬಿ ಒಂದೇ ಅಲ್ವಾ? ಅದಕ್ಕೂ ಪಕ್ಕದಲ್ಲಿ ಸೀಟಿದೆ."

"ಮೇಲ್ ಕೂತ್ರೆ ದಾರಿ ಬಿಡ್ತಾರೆ. ನಿಂಗೆ ಗೊತ್ತಾಗಲ್ಲ ಬಿಡು."

ಅದು ಸುಳ್ಳಲ್ಲ. ಕಚೇರಿಯಲ್ಲಿ ಎಲ್ಲರ ಮುಂದೆ ಬಗ್ಗಿ ನಿಲ್ಲುವ ಮನುಷ್ಯ ಗಾಡಿ ಹತ್ತಿದರೆ ಬೇರೆಯವನಾಗುತ್ತಿದ್ದ. ಹಾರನ್ನಿನ ಮೇಲಿನ ಕೈ ತೆಗೆಯುತ್ತಿರಲಿಲ್ಲ. ಒಮ್ಮೆ ಸ್ಕೂಟರಿನವನ ಕನ್ನಡಿಯನ್ನು ಕಿತ್ತು ಚರಂಡಿಗೆ ಎಸೆದಿದ್ದ, ಇನ್ನೊಮ್ಮೆ ಒಬ್ಬ ಮೇಷ್ಟ್ರ ಕೊರಳಪಟ್ಟಿ ಹಿಡಿದಿದ್ದ.

ಹನ್ನೊಂದು ಗಂಟೆಗೆ ಅದೇ ಗಾಡಿ ಶೆಡ್ಡಿನೊಳಗೆ ಬಂತು. ತಮ್ಮ ಇಳಿದವನೇ ತಾನೇ ಶಟರ್ ಎಳೆದ.

"ಗೇಟಿನ ಕಂಬಕ್ಕೆ ತಾಗ್ಬಿಡ್ತು ಅಕ್ಕ. ಮಧ್ಯಾಹ್ನದೊಳಗೆ ಸರಿ ಮಾಡ್ಕೊಡು, ಕಚೇರಿಗೆ ಹೋಗ್ಬೇಕು."

ಬಾನೆಟ್ಟಿನ ಮುಂದಿನ ಮಡಿಕೆಯಲ್ಲಿ ಉದ್ದಕ್ಕೆ ಒಂದು ಚೂಪು ನೆಗ್ಗು. ಅವಳು ಕಣ್ಣು ಮುಚ್ಚಿ ಎಡ ಅಂಗೈಯನ್ನು ಅದರ ಮೇಲೆ ಆಡಿಸಿದಳು. ಈ ಕೆಲಸದಲ್ಲಿ ನೋಡುವುದು ಕೈ. ಚೂಪು ನೆಗ್ಗಿನ ಸುತ್ತ ಬೋಗುಣಿಯಷ್ಟಗಲ ಇನ್ನೊಂದು ತಗ್ಗು ಸಿಕ್ಕಿತು. ಅದರಲ್ಲಿ ಬಣ್ಣ ಎಲ್ಲೂ ಸಿಡಿದಿರಲಿಲ್ಲ. ಕಬ್ಬಿಣವೋ ಕಲ್ಲೋ ತಾಗಿದರೆ ಬಣ್ಣ ಸಿಡಿಯುತ್ತದೆ. ಸಿಡಿಯದೆ ತಗಡು ಒಳಗೆ ಹೋಗಿದೆಯೆಂದರೆ ತಾಗಿದ್ದು ಮೆತ್ತಗಿನದು.

ಕಣ್ಣು ತೆರೆದು ಬಂಪರ್ ನೋಡಿದಳು. ಅದು ಬಾನೆಟ್ಟಿಗಿಂತ ಒಂದು ಗೇಣು ಮುಂದೆ ಚಾಚಿಕೊಂಡಿತ್ತು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಕಂಬ ನೆಲದಿಂದ ಎದ್ದಿರುತ್ತದೆ. ಬಂಪರನ್ನು ಬಿಟ್ಟು ಬಾನೆಟ್ಟಿಗೆ ತಾಗಲು ಅದಕ್ಕೆ ದಾರಿಯಿಲ್ಲ.

ಅವಳಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಒಂದು ನೆಗ್ಗನ್ನು ಇನ್ನೊಂದು ನೆಗ್ಗಿನಿಂದ ಮುಚ್ಚಬಹುದೆಂದು ಹೊಳೆಯುವುದು ಟಿಂಕರನ ಮಗನಿಗೆ ಮಾತ್ರ. ಎಲ್ಲೋ ನಿಲ್ಲಿಸಿ, ಪೈಪು ಹಿಡಿದು ಬಾರಿಸಿದ್ದ. ಬಂಪರನ್ನು ಮರೆತದ್ದೂ ಅದಕ್ಕೇ. ಅಪ್ಪ ಬಂಪರ್ ಬಿಚ್ಚಿ ಮೂಲೆಗಿಟ್ಟ ಮೇಲೆಯೇ ಸುತ್ತಿಗೆ ಹಿಡಿಯುತ್ತಿದ್ದ. ಚಿಕ್ಕಂದಿನಲ್ಲಿ ಶೆಡ್ಡಿನಲ್ಲಿ ತಮ್ಮ ನೋಡಿದ್ದೆಲ್ಲ ಗಾಡಿಗಳ ಬಂಪರಿಲ್ಲದ ಮುಖಗಳನ್ನೇ.

"ದೊಡ್ಡಮ್ಮನ್ನ ಗುದ್ದಿದ್ದು ನೀನು," ಅಂದಳು.

"ಯಾವ ದೊಡ್ಡಮ್ಮ?"

"ಕಂಬಕ್ಕೆ ಬೆನ್ನಿರಲ್ಲ ಕಣೋ."

ಅವನ ಮುಖ ಬಿಳಿಚಿತು. ಆಮೇಲೆ ಕೆಂಪಾಯಿತು. "ಸರಿ, ನಾನೇ. ಈಗೇನು? ಹಿಡ್ದಾಗಿದೆ ಒಬ್ಬನ್ನ. ನೀನು ತಗಡು ಬಡಿ, ಅಷ್ಟೇ ನಿನ್ನ ಕೆಲ್ಸ."

"ಅವನು ಜೈಲಿಗೆ ಹೋಗ್ತಾನೆ."

"ನಾನು ಹೋಗ್ಲಾ? ನನ್ನ ನೌಕರಿ? ಅಮ್ಮನ್ನ ಯಾರ್ ನೋಡ್ಕೋತಾರೆ?"

"ಇದನ್ನ ನಾನು ಬಡಿಯಲ್ಲ."

"ನೀನ್ ಬಡೀದಿದ್ರೆ ನಾನ್ ಬಡೀತೀನಿ!"

ಅವನು ಗೋಡೆಗೆ ನೇತುಹಾಕಿದ್ದ ದೊಡ್ಡ ಸುತ್ತಿಗೆಯನ್ನು ಕಿತ್ತುಕೊಂಡ. ಅವಳು ಅಡ್ಡ ಬಂದಾಗ ಮೊಣಕೈಯಿಂದ ತಳ್ಳಿದ. ಬಣ್ಣದ ಡಬ್ಬಿಗಳ ಮೇಲೆ ಬಿದ್ದಳು, ತುಟಿ ಒಡೆಯಿತು. ಎದ್ದು ಅವನ ಅಂಗಿ ಹಿಡಿದೆಳೆದು, ತಲೆಯಿಂದ ಅವನ ಮೂಗಿಗೆ ಗುದ್ದಿದಳು. ರಕ್ತ ಇಬ್ಬರ ಎದೆಯ ಮೇಲೂ ಸುರಿಯಿತು. ಆದರೂ ಅವನು ಸುತ್ತಿಗೆ ಬಿಡಲಿಲ್ಲ. ಬಾನೆಟ್ಟಿನ ಕಡೆಗೆ ಬೀಸಿದ. ಅದು ಇಳಿಯುವ ಮುಂಚೆ ಅವಳು ಎಡ ಅಂಗೈಯನ್ನು ನೆಗ್ಗಿನ ಮೇಲೆ ಚಾಚಿ ಇಟ್ಟಳು.

ಅವನು ತಡೆಯಬಹುದಿತ್ತು. ತಡೆಯಲಿಲ್ಲ.

ಎರಡು ಬೆರಳು ಮುರಿದ ಸದ್ದು ತಗಡಿನ ಸದ್ದಿನೊಳಗೆ ಸೇರಿಹೋಯಿತು. ಅವಳು ಕೈ ತೆಗೆಯಲಿಲ್ಲ. ಅವನು ಸುತ್ತಿಗೆ ಎಸೆದು ಎದುರಿನ ಶಟರ್ ಎತ್ತಿ, ಗಾಡಿ ಹತ್ತಿ ಸ್ಟಾರ್ಟ್ ಮಾಡಿದ. ಶೆಡ್ಡಿನ ಆ ತುದಿಯಲ್ಲೂ ಒಂದು ಬಾಗಿಲಿತ್ತು. ಗಾಡಿ ಮುಂದಕ್ಕೇ ಹೋಗಬೇಕು.

ಅವಳು ಬಾನೆಟ್ಟಿನ ಮುಂದೆ ಬಂದು ಬಗ್ಗಿದಳು. ದೊಡ್ಡಮ್ಮ ಕಸ ತುಂಬುವಾಗ ಬಗ್ಗುವಷ್ಟು.

"ಹೋಗು ಮತ್ತೆ! ನಾನು ಎಲ್ಲಿದೀನಿ ಹೇಳ್ಬಿಟ್ಟು ಹೋಗು!" ಎಂಜಿನ್ನಿನ ಸದ್ದನ್ನು ಮೀರಿ ಕೂಗಿದಳು.

ಅವನು ಸೀಟಿನಲ್ಲಿ ಮುಂದೆ ಬಾಗಿ ನೋಡಿದ. ಬಾನೆಟ್ಟು, ಅದರಾಚೆ ಹತ್ತು ಹೆಜ್ಜೆ ದೂರದ ತೆರೆದ ಬಾಗಿಲು. ನಡುವೆ ಯಾರೂ ಇರಲಿಲ್ಲ.

"ಎದ್ದೇಳೇ! ಏಳೇ ಅಕ್ಕ!"

"ಎಡಕ್ಕಿದೀನಾ, ಬಲಕ್ಕಿದೀನಾ?"

"ಕಾಣ್ತಿಲ್ಲ! ಎಲ್ಲಿದೀಯೇ?"

"ಚಕ್ರದ ಮುಂದೇನಾ? ಮಧ್ಯದಲ್ಲಾ? ಹೇಳೋ!"

ಅವನು ಸ್ಟೇರಿಂಗ್ ಹಿಡಿದು ಕತ್ತು ಚಾಚಿದ. ಕಾಲು ಪೆಡಲ್ಲಿನ ಮೇಲೇ ಇತ್ತು. ಒಂದು ಸಲ ಒತ್ತಿದ, ಗಾಡಿ ಒಂದಡಿ ಜಗ್ಗಿತು. ಮುಂದೆ ಏನೋ ದಢಕ್ಕೆಂದು ತಗಡಿಗೆ ಬಡಿಯಿತು. ಅವನು ಬೊಬ್ಬೆ ಹೊಡೆದು ಕೀ ಕಿತ್ತುಕೊಂಡು ಕೆಳಗೆ ಧುಮುಕಿದ.

ಅಕ್ಕ ನೆಲದ ಮೇಲೆ ಕೂತಿದ್ದಳು. ಬಂಪರ್ ಭುಜಕ್ಕೆ ತಾಗಿ ಬಿದ್ದಿದ್ದಳು, ತಗಡಿಗೆ ಬಡಿದದ್ದು ಅವಳ ಬಲಗೈ. ಅವನು ಎದುರು ಕುಕ್ಕರಿಸಿ, ಮಗುವಿನ ಹಾಗೆ ಅವಳ ಮೈಯೆಲ್ಲ ಮುಟ್ಟಿ ಮುಟ್ಟಿ ನೋಡಿದ.

"ಬೆಳಿಗ್ಗೆ ಹಿಂಗೇ ಆಗಿದ್ದು," ಅಂದ. ಮೂಗಿನ ರಕ್ತದಿಂದ ಮಾತು ಬುರುಬುರು ಬರುತ್ತಿತ್ತು. "ಯಾರೂ ಇರ್ಲಿಲ್ಲ ಕಣೇ. ಒಂದು ಸಲ ಕುಲುಕ್ತು. ಕನ್ನಡೀಲಿ ನೋಡ್ದಾಗ ಕಾಣ್ಸಿದ್ಲು."

"ಕಂಡ್ಮೇಲೆ ಯಾಕೋ ಹೋದೆ?"

ಅವನು ಕೈಯಲ್ಲಿದ್ದ ಕೀಯನ್ನು ಅವಳ ಮಡಿಲಿಗೆ ಹಾಕಿದ. ಆಮೇಲೆ ಶೆಡ್ಡಿನ ಚಿಂದಿಯನ್ನೇ ಹರಿದು ಅವಳ ಬೆರಳುಗಳಿಗೆ ಪಟ್ಟಿ ಸುತ್ತಿದ. ಗಾಡಿಯನ್ನು ಇದ್ದಂತೆಯೇ ಬಿಟ್ಟು, ಶೆಡ್ಡಿಗೆ ಬೀಗ ಹಾಕಿ, ಇಬ್ಬರೂ ಠಾಣೆಗೆ ನಡೆದುಕೊಂಡು ಹೋದರು. ದಾರಿಯಲ್ಲಿ ಜನ ನಿಂತು ನೋಡಿದರು.

ಠಾಣೆಯಲ್ಲಿ ಅಕ್ಕ ಮೊದಲು ಹೇಳಿದ್ದು ಅಳತೆ: ನೆಗ್ಗಿನ ಎತ್ತರ ಒಂದು ಮೀಟರ್ ಹನ್ನೆರಡು ಸೆಂಟಿಮೀಟರ್, ಒಳಗಿನದು ಪೈಪಿನದು, ಹೊರಗಿನದು ಮನುಷ್ಯರದು, ಬೇಕಾದರೆ ಬಂದು ನೋಡಿ. ಉಳಿದದ್ದನ್ನು ತಮ್ಮನೇ ಹೇಳಿದ. ಬ್ರೆಡ್ ಅಂಗಡಿಯಿಂದ ಪೈಪಿನವರೆಗೂ, ಒಂದೂ ಬಿಡದೆ. ಬರೆದುಕೊಳ್ಳುತ್ತಿದ್ದ ಇನ್‌ಸ್ಪೆಕ್ಟರ್ ಪೆನ್ನು ನಿಲ್ಲಿಸಿ ಅವಳ ಪಟ್ಟಿ ಸುತ್ತಿದ ಕೈಯನ್ನು ನೋಡಿದರು.

"ಇದೇನಮ್ಮ? ಕೆಲಸ ಮಾಡ್ವಾಗ ಆಗಿದ್ದಾ?"

ಅವಳು ಹೌದೆನ್ನಲು ತಲೆಯಾಡಿಸುವ ಮೊದಲೇ ತಮ್ಮ ಹೇಳಿದ: "ಅಲ್ಲ ಸಾರ್. ನಾನು ಹೊಡ್ದಿದ್ದು. ಗೊತ್ತಿದ್ದೇ ಹೊಡ್ದೆ. ಅದನ್ನೂ ಬರ್ಕೊಳಿ."

ಸಂಜೆ ಸಿಮೆಂಟಣ್ಣನನ್ನು ಹೊರಗೆ ಬಿಟ್ಟರು. ಗೋಡೆ ಹಿಡಿದುಕೊಂಡು ಬಂದ ಅವನು ಬೆಂಚಿನ ಮೇಲೆ ಕೂತಿದ್ದ ಇವಳನ್ನು ಒಂದೇ ಕಣ್ಣಿನಿಂದ ಗುರುತಿಸಿದ. ಎರಡು ಹಲ್ಲು ಹೋದ ಬಾಯಿಂದ ತೊದಲಿದ.

"ಅಕ್ಕ, ದೊಡ್ಡಮ್ಮ?"

"ಮಧ್ಯಾಹ್ನ ಎಚ್ಚರ ಆಯ್ತಂತೆ. ಬುಟ್ಟಿ ಎಲ್ಲಿ ಅಂತ ಕೇಳಿದ್ಲಂತೆ."

ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಅತ್ತ.